ಮಕ್ಕಳ ಕೊರಳೂ ಮನೆಯ ಉಪ್ಪೂ

ಶಾಲೆಯ ಸ್ಮರಣ ಸಂಚಿಕೆಯಲ್ಲಿ ಮುಖ್ಯೋಪಾಧ್ಯಾಯಿನಿಯಾದವರು ಉಪ್ಪಿನ ವಿಷಯವಾಗಿ ಬರೆಯುವುದುಂಟೇ, ಅದು ಅಡುಗೆಮನೆಯ ಮಾತಲ್ಲವೇ ಎಂದು ನಮ್ಮ ಪೂರ್ವ ವಿದ್ಯಾರ್ಥಿನಿಯರಲ್ಲಿ ಕೆಲವರು ನಗಬಹುದು. ನಗಲಿ. ಶಿಸ್ತಿನ ವಿಷಯವಾಗಿಯೂ ಸಮಯಪಾಲನೆಯ ವಿಷಯವಾಗಿಯೂ ನಾವು ಇವರಿಗೆ ಹಿಂದೆ ಸಾಕಷ್ಟು ಹೇಳಿದ್ದೇವೆ. ಅದನ್ನು ಅವರು ಮರೆತಿರಲಾರರು. ಉಪ್ಪಿನ ವಿಷಯವನ್ನು ಮಾತ್ರ ಹೇಳದೆ ಬಿಟ್ಟೆವು, ಯಾಕಂದರೆ ನಮಗೇ ಅದು ಸರಿಯಾಗಿ ತಿಳಿದಿರಲಿಲ್ಲ. ತಿಳಿದದ್ದು ಒಬ್ಬ ಹುಡುಗಿಯ ನಿಮಿತ್ತವಾಗಿ. ಆಕೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ.

ಸಂಡೂರಿನ ಬೆಟ್ಟಗಳ ಮಗ್ಗುಲಲ್ಲಿರುವ ಒಂದು ಹಳ್ಳಿಯಿಂದ ಬಂದು ಆಕೆ ಎಂಟನೆಯ ತರಗತಿಗೆ ಸೇರಿ ನಮ್ಮ ಬೋರ್ಡಿಂಗಿನಲ್ಲಿ ಉಳಿದುಕೊಂಡಳು. ಸಾಧುಸ್ವಭಾವದವಳು, ಯಾರೊಡನೆಯೂ ಜಗಳವಿಲ್ಲ. ಆದರೆ ಪಾಠವು ತಲೆಗೆ ಹತ್ತದು. ಸಂಜೆ ಕಲಿತ ಲೆಕ್ಕವು ಬೆಳಿಗ್ಗೆ ಮರೆತುಹೋಗುವುದು. ಮಧ್ಯಾಹ್ನದ ಪಾಠದಲ್ಲಿ ಕುಳಿತಲ್ಲಿಯೇ ತೂಕಡಿಕೆ. ಉಳಿದ ಹುಡುಗಿಯರು ಅಂಗಳದಲ್ಲಿ ಓಡಿಯಾಡುವ ಹೊತ್ತಿನಲ್ಲಿ ಈಕೆ ಶಾಲು ಹೊದ್ದುಕೊಂಡು ಗೋಡೆಗೆ ಒರಗಿ ಬಿಸಿಲು ಕಾಯುವಳು. ಹೊಸಪೇಟೆಯ ಬಿಸಿಲನ್ನು ಬಲ್ಲವರಿಗೆ ಇದು ಎಷ್ಟು ವಿಚಿತ್ರವೆಂಬುದನ್ನು ಹೇಳಬೇಕಾಗಿಲ್ಲ. ಎರಡು ಪರೀಕ್ಷೆಗಳು ಹೀಗೆಯೇ ಕಳೆದ ಮೇಲೆ ಆಕೆಯ ಅಂಕಪಟ್ಟಿಯಲ್ಲಿ ನಾವು ನಮ್ಮ ಕೈಯಿಂದಲೇ ‘ಸೋಮಾರಿ’ ಎಂದು ಬರೆದೆವು.

ಆ ವರ್ಷ ಕ್ರಿಸ್‌ಮಸ್ ಹಬ್ಬಕ್ಕೆ ಹಾಡು ಕಲಿಸುತ್ತಿದ್ದ ಸಂಗೀತದ ಅಧ್ಯಾಪಿಕೆಯವರು ಒಂದು ಸಂಜೆ ನಮ್ಮ ಕೊಠಡಿಗೆ ಬಂದು, “ಅಮ್ಮನವರೇ, ಆ ಹುಡುಗಿಯು ತಲೆಯೆತ್ತಿ ಹಾಡುವಾಗ ಕೊರಳನ್ನು ಒಂದು ಸಾರಿ ನೋಡಿರಿ” ಎಂದರು. ನೋಡಿದೆವು. ಗಂಟಲಗಂಟೆಯ ಕೆಳಗೆ, ಎರಡು ಮಗ್ಗುಲಿಗೂ ರೆಕ್ಕೆ ಚಾಚಿದಂತೆ, ಮೃದುವಾದ ಒಂದು ಉಬ್ಬು. ನೀರು ನುಂಗುವಾಗ ಅದು ಮೇಲಕ್ಕೂ ಕೆಳಕ್ಕೂ ಸರಿಯುವುದು. ಆಕೆಯ ದನಿ ಕೆಲವು ತಿಂಗಳಿಂದ ಒಡೆದು ಒರಟಾಗಿತ್ತಂತೆ. ಅದಕ್ಕೂ ಅಧ್ಯಾಪಿಕೆಯವರು ಆಕೆಯನ್ನು ಗದರಿಸಿದ್ದರಂತೆ. ಅಂದು ರಾತ್ರಿ ನಾವಿಬ್ಬರೂ ಸುಖವಾಗಿ ನಿದ್ದೆಮಾಡಲಿಲ್ಲ.

ವೈದ್ಯರು ರಕ್ತವನ್ನು ಪರೀಕ್ಷಿಸಿದರು. ಥೈರಾಯ್ಡ್ ಎಂಬ ಗ್ರಂಥಿಯ ರಸವು ಇರಬೇಕಾದುದಕ್ಕಿಂತ ಬಹಳ ಕಡಮೆಯಾಗಿತ್ತು. ದೇಹವು ತನ್ನ ಗ್ರಂಥಿಯ ಮೇಲೆ ತಾನೇ ತಿರುಗಿಬೀಳುವ ಮತ್ತೊಂದು ರೋಗವುಂಟು. ಕೊರಳುಬ್ಬಿದವರೆಲ್ಲರಿಗೂ ಉಪ್ಪಿನ ದೋಷವೇ ಕಾರಣವೆಂದು ಭಾವಿಸಕೂಡದು ಎಂದು ವೈದ್ಯರು ಎಚ್ಚರಿಸಿದರು. ಆದರೆ ಈಕೆಯ ರಕ್ತದಲ್ಲಿ ಆ ರೋಗದ ಗುರುತು ಕಾಣಲಿಲ್ಲ. ಆಗ ಅವರು, “ಮನೆಯಲ್ಲಿ ಯಾವ ಉಪ್ಪು ಹಾಕುತ್ತಾರೆ?” ಎಂದು ಕೇಳಿದರು. ಹುಡುಗಿಯು, “ಸಂತೆಯ ಕಲ್ಲುಪ್ಪು” ಎಂದಳು. “ಬೋರ್ಡಿಂಗಿನಲ್ಲಿ?” ಎಂದು ನಮ್ಮ ಕಡೆಗೆ ತಿರುಗಿದರು. ನಮಗೆ ಉತ್ತರವೇ ತೋಚಲಿಲ್ಲ. ಅಕ್ಕಿಯ ಲೆಕ್ಕ, ಬೇಳೆಯ ಲೆಕ್ಕ, ಎಣ್ಣೆಯ ಲೆಕ್ಕ ಇವನ್ನು ತಿಂಗಳು ತಿಂಗಳು ನೋಡಿ ರುಜು ಹಾಕುವ ನಾವು ಉಪ್ಪಿನ ಮೂಟೆಯನ್ನು ಒಂದು ದಿನವೂ ಬಿಚ್ಚಿಸಿ ನೋಡಿರಲಿಲ್ಲ.

ಈ ಗ್ರಂಥಿಯ ಕೆಲಸವೇನೆಂಬುದನ್ನು ತಾಯಂದಿರು ತಿಳಿದಿರುವುದು ಒಳ್ಳೆಯದು. ಕೊರಳಿನ ಮುಂಭಾಗದಲ್ಲಿ, ಶ್ವಾಸನಾಳವನ್ನು ಅಪ್ಪಿಕೊಂಡು ಚಿಟ್ಟೆಯ ಆಕಾರದಲ್ಲಿ ಥೈರಾಯ್ಡ್ ಗ್ರಂಥಿಯಿರುತ್ತದೆ. ವಯಸ್ಕರಲ್ಲಿ ಅದರ ತೂಕ ಸುಮಾರು 20 ಗ್ರಾಮು. ಅದರಿಂದ ಹೊರಡುವ ರಸವು ರಕ್ತದೊಡನೆ ದೇಹದಲ್ಲೆಲ್ಲ ಹರಿದು, ಎಲುಬು ಎಷ್ಟು ಬೆಳೆಯಬೇಕು, ಹೃದಯವು ಎಷ್ಟು ಬೇಗ ಬಡಿಯಬೇಕು, ಉಂಡ ಅನ್ನವು ಎಷ್ಟು ಶಾಖವಾಗಿ ಮಾರ್ಪಡಬೇಕು ಎಂಬುದನ್ನೆಲ್ಲ ನಿಯಮಿಸುತ್ತದೆ. ರಸವು ಕಡಮೆಯಾದರೆ ಒಲೆಯ ಉರಿಯನ್ನು ತಗ್ಗಿಸಿದಂತೆ ದೇಹದ ಕೆಲಸವೆಲ್ಲ ಮಂದವಾಗುತ್ತದೆ: ಚಳಿ, ತೂಕಡಿಕೆ, ಮಲಬದ್ಧತೆ, ಒಣಗಿದ ಚರ್ಮ, ಒರಟು ದನಿ, ನಿಧಾನವಾದ ಬುದ್ಧಿ. ಶಾಲೆಯಲ್ಲಿ ನಾವು ಇವುಗಳಿಗೆ ಬೇರೆ ಹೆಸರಿಟ್ಟಿದ್ದೆವು.

ಈ ರಸವನ್ನು ಸಿದ್ಧಪಡಿಸಲು ಅಯೋಡಿನ್ ಎಂಬ ಮೂಲವಸ್ತು ಬೇಕೇ ಬೇಕು. ರಸದ ಮುಖ್ಯ ರೂಪದ ಪ್ರತಿಯೊಂದು ಕಣದಲ್ಲಿಯೂ 4 ಅಯೋಡಿನ್ ಪರಮಾಣುಗಳಿರುತ್ತವೆ. ಅದಕ್ಕೆ ಬದಲಾಗಿ ಮತ್ತಾವ ವಸ್ತುವೂ ಸಲ್ಲದು. ಅಯೋಡಿನ್ ಸಾಲದೆ ಹೋದಾಗ, ಮಿದುಳಿನ ಅಡಿಯಲ್ಲಿ ಕಡಲೆಕಾಳಿನಷ್ಟಿರುವ ಪಿಟ್ಯುಟರಿ ಎಂಬ ಇನ್ನೊಂದು ಗ್ರಂಥಿಯು ರಕ್ತದಲ್ಲಿ ರಸ ಸಾಲದೆಂಬುದನ್ನು ಅರಿತು, ಇನ್ನೂ ಮಾಡು, ಇನ್ನೂ ಮಾಡು ಎಂದು ಥೈರಾಯ್ಡನ್ನು ಅವಸರಪಡಿಸುತ್ತದೆ. ಸಾಮಗ್ರಿಯಿಲ್ಲದ ಕೆಲಸಗಾರನು ಏನು ಮಾಡಿಯಾನು? ಸಿಕ್ಕಿದ ಒಂದೊಂದು ಕಣವನ್ನೂ ಹಿಡಿದುಕೊಳ್ಳುವುದಕ್ಕಾಗಿ ಗ್ರಂಥಿಯು ತನ್ನನ್ನು ತಾನೇ ದೊಡ್ಡದು ಮಾಡಿಕೊಳ್ಳುತ್ತದೆ. ಇದೇ ಗಳಗಂಡ. ಉಬ್ಬಿದ ಕೊರಳನ್ನು ನೋಡಿ ಜನರು ಹಾಸ್ಯಮಾಡುವರು. ವಾಸ್ತವದಲ್ಲಿ ಅದು ದೇಹವು ಪಟ್ಟ ಕಷ್ಟದ ಗುರುತು.

ಬೇಕಾಗುವ ಅಯೋಡಿನ್ ಆದರೂ ಎಷ್ಟು? 6 ವರ್ಷದೊಳಗಿನ ಮಗುವಿಗೆ ದಿನಕ್ಕೆ 90 ಮೈಕ್ರೊಗ್ರಾಮು, 12 ವರ್ಷದವರೆಗೆ 120, ಆಮೇಲೆ 150, ಗರ್ಭಿಣಿಗೂ ಹಾಲೂಡಿಸುವ ತಾಯಿಗೂ 250. ಒಂದು ಗ್ರಾಮನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ಮೈಕ್ರೊಗ್ರಾಮು. ಒಂಬತ್ತನೆಯ ತರಗತಿಯ ಹುಡುಗಿಯರಿಗೆ ನಾವು ಇದನ್ನೇ ಲೆಕ್ಕವಾಗಿ ಕೊಟ್ಟೆವು: ದಿನಕ್ಕೆ 150ರಂತೆ 70 ವರ್ಷ ಬಾಳಿದವರಿಗೆ ಒಟ್ಟು ಎಷ್ಟು? ಉತ್ತರವು 4 ಗ್ರಾಮಿಗಿಂತ ಕಡಮೆ. ಒಂದು ಚಿಕ್ಕ ಚಮಚವೂ ತುಂಬದು. ಇಡೀ ಬಾಳಿಗೆ ಇಷ್ಟೇ ಸಾಕಾದ ವಸ್ತುವು ಸಿಕ್ಕದೆ ಮನುಷ್ಯನು ಕೆಡುವನೇ ಎಂದು ಹುಡುಗಿಯರು ನಂಬಲಾರದೆ ಎರಡು ಸಾರಿ ಲೆಕ್ಕ ಮಾಡಿದರು. ಆದರೆ ಒಂದು ಚಮಚವನ್ನು ಒಂದೇ ದಿನ ನುಂಗಿ ಮುಗಿಸುವಂತಿಲ್ಲ. ದೇಹವು ಅದನ್ನು ಬಹುಕಾಲ ಕೂಡಿಡಲಾರದು. ದಿನದಿನವೂ ಸ್ವಲ್ಪ ಸ್ವಲ್ಪವಾಗಿ ಬರುತ್ತಿರಬೇಕು.

ಅಯೋಡಿನ್ ಮನುಷ್ಯರ ಕಣ್ಣಿಗೆ ಬಿದ್ದುದು ಆಕಸ್ಮಿಕವಾಗಿ. 1811ರಲ್ಲಿ ಫ್ರಾನ್ಸ್ ದೇಶದ ಬರ್ನಾರ್ ಕೂರ್ತ್ವಾ ಎಂಬವನು ಮದ್ದುಗುಂಡಿಗೆ ಬೇಕಾದ ಪೆಟ್ಲುಪ್ಪನ್ನು ಮಾಡುವುದಕ್ಕಾಗಿ ಕಡಲಪಾಚಿಯ ಬೂದಿಯನ್ನು ಉಪಯೋಗಿಸುತ್ತಿದ್ದಾಗ, ಅದಕ್ಕೆ ಗಂಧಕಾಮ್ಲ ಸೇರಿದೊಡನೆ ನೇರಿಳೆಬಣ್ಣದ ಹೊಗೆಯೆದ್ದಿತು. ಗ್ರೀಕ್ ಭಾಷೆಯಲ್ಲಿ ಆ ಬಣ್ಣಕ್ಕಿರುವ ಮಾತಿನಿಂದಲೇ ಹೊಸ ವಸ್ತುವಿಗೆ ಹೆಸರಾಯಿತು. 1820ರಲ್ಲಿ ಜಿನೀವದ ವೈದ್ಯ ಕ್ವಾಂದೆ ಎಂಬವನು ಇದನ್ನು ಗಳಗಂಡಕ್ಕೆ ಔಷಧವಾಗಿ ಕೊಟ್ಟನು. ಗುಣವೂ ಕಂಡಿತು, ಅಳತೆ ಮೀರಿ ಕೊಟ್ಟುದರಿಂದ ಕೆಲವರಿಗೆ ಕೇಡೂ ಆಯಿತು, ಆದುದರಿಂದ ಬಹುಕಾಲ ವೈದ್ಯರು ಇದಕ್ಕೆ ಹೆದರಿದರು. ಥೈರಾಯ್ಡ್ ಗ್ರಂಥಿಯೊಳಗೇ ಅಯೋಡಿನ್ ಇದೆಯೆಂದು ಜರ್ಮನಿಯ ಬೌಮನ್ ಎಂಬ ಪಂಡಿತನು ಕಂಡುಹಿಡಿದುದು 1890ರ ದಶಕದಲ್ಲಿ.

ಮುಂದಿನ ಹೆಜ್ಜೆಯನ್ನು ನಾವು ವಿಶೇಷ ಪ್ರೀತಿಯಿಂದ ಹೇಳುತ್ತೇವೆ, ಯಾಕಂದರೆ ಅದು ಶಾಲೆಯ ಹುಡುಗಿಯರಿಂದ ಆದುದು. ಅಮೇರಿಕದ ಒಹಾಯೊ ಪ್ರಾಂತದ ಆ್ಯಕ್ರನ್ ಪಟ್ಟಣದಲ್ಲಿ ಸಮುದ್ರವು ದೂರ, ಗಳಗಂಡವು ಹೆಚ್ಚು. 1917ರಲ್ಲಿ ಡಾಕ್ಟರ್ ಡೇವಿಡ್ ಮರೀನ್ ಮತ್ತು ಕಿಂಬಲ್ ಎಂಬವರು ಅಲ್ಲಿಯ ಶಾಲೆಗಳ ಹುಡುಗಿಯರಲ್ಲಿ ಒಪ್ಪಿದವರಿಗೆ ವರ್ಷಕ್ಕೆ ಎರಡು ಸಾರಿ ಕೆಲವು ದಿನಗಳ ಕಾಲ ಸ್ವಲ್ಪ ಸ್ವಲ್ಪ ಅಯೋಡಿನ್ ಲವಣವನ್ನು ನೀರಿನಲ್ಲಿ ಕೊಟ್ಟರು. ಔಷಧವನ್ನು ಕುಡಿದ 2,190 ಹುಡುಗಿಯರಲ್ಲಿ ಕೊರಳುಬ್ಬಿದುದು 5 ಮಂದಿಗೆ. ಕುಡಿಯದ 2,305 ಹುಡುಗಿಯರಲ್ಲಿ 495 ಮಂದಿಗೆ. ಹುಡುಗಿಯರನ್ನೇ ಆರಿಸಿಕೊಂಡುದಕ್ಕೆ ಕಾರಣವಿತ್ತು: ಈ ರೋಗವು ಹುಡುಗರಿಗಿಂತ ಹುಡುಗಿಯರಲ್ಲಿ, ಅದರಲ್ಲಿಯೂ ಮೈನೆರೆಯುವ ವಯಸ್ಸಿನಲ್ಲಿ, ಹೆಚ್ಚಾಗಿ ಕಾಣುತ್ತದೆ. 1922ರಲ್ಲಿ ಸ್ವಿಟ್ಜರ್ಲೆಂಡಿನ ಬೆಟ್ಟದ ಸೀಮೆಯಲ್ಲಿಯೂ 1924ರಲ್ಲಿ ಅಮೇರಿಕದ ಮಿಶಿಗನ್ ಪ್ರಾಂತದಲ್ಲಿಯೂ ಉಪ್ಪಿನಲ್ಲಿಯೇ ಅಯೋಡಿನ್ ಬೆರೆಸಿ ಮಾರುವ ಪದ್ಧತಿ ಆರಂಭವಾಯಿತು. ಉಪ್ಪನ್ನೇ ಯಾಕೆ ಆರಿಸಿಕೊಂಡರು? ಬಡವನೂ ಬಲ್ಲಿದನೂ ಉಪ್ಪಿಲ್ಲದೆ ಉಣ್ಣುವುದಿಲ್ಲ. ಒಂದು ದಿನಕ್ಕೆ ಬೇಕಾದುದಕ್ಕಿಂತ ಹೆಚ್ಚಾಗಿ ಯಾರೂ ತಿನ್ನಲಾರರು. ಬೆರೆಸುವ ಖರ್ಚೂ ಅತ್ಯಲ್ಪ. ಕರ್ತನು ಪರ್ವತ ಪ್ರಸಂಗದಲ್ಲಿ ತನ್ನ ಶಿಷ್ಯರನ್ನು ಉಪ್ಪಿಗೆ ಹೋಲಿಸಿದ್ದನ್ನು ನಮ್ಮ ಹುಡುಗಿಯರು ಬಾಯಿಪಾಠವಾಗಿ ಬಲ್ಲರು. ಮನೆಮನೆಯನ್ನೂ ಮುಟ್ಟತಕ್ಕ ವಸ್ತು ಮತ್ತಾವುದಿದೆ?

ನಮ್ಮ ದೇಶದಲ್ಲಿ ಈ ಮಾತನ್ನು ಸಿದ್ಧಪಡಿಸಿದ ಸ್ಥಳ ಹಿಮಾಲಯದ ತಪ್ಪಲಿನ ಕಾಂಗ್ಡಾ ಕಣಿವೆ. ಕಾಶ್ಮೀರದಿಂದ ಈಶಾನ್ಯದ ಬೆಟ್ಟಗಳವರೆಗೆ ಹಿಮಾಲಯದ ಉದ್ದಕ್ಕೂ ಗಳಗಂಡವು ವಂಶಪಾರಂಪರ್ಯದ ಸೊತ್ತಿನಂತೆ ಹರಡಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಗಿಲ್ಗಿಟ್ ಸೀಮೆಯಲ್ಲಿದ್ದ ರಾಬರ್ಟ್ ಮೆಕ್ಯಾರಿಸನ್ ಎಂಬ ವೈದ್ಯನು, ಮುಂದೆ ನೀಲಗಿರಿಯ ಕೂನೂರಿನಲ್ಲಿ ಆಹಾರ ಸಂಶೋಧನೆಯನ್ನು ನಡೆಸಿ ಹೆಸರಾದವನು, ಕುಡಿಯುವ ನೀರಿನ ಕೊಳೆಯೇ ಇದಕ್ಕೆ ಕಾರಣವೆಂದು ಎಣಿಸಿದ್ದನು. ದೊಡ್ಡ ಪಂಡಿತರೂ ಎಡವುವುದುಂಟೆಂದು ನಮ್ಮಂಥವರಿಗೆ ಇದರಿಂದ ಸ್ವಲ್ಪ ಸಮಾಧಾನ. 1956ರಲ್ಲಿ ಡಾಕ್ಟರ್ ವಿ. ರಾಮಲಿಂಗಸ್ವಾಮಿಯವರೂ ಅವರ ಸಂಗಡಿಗರೂ ಕಾಂಗ್ಡಾ ಕಣಿವೆಯ ಸುಮಾರು ಒಂದು ಲಕ್ಷ ಜನರನ್ನು ಮೂರು ವಲಯಗಳಾಗಿ ವಿಂಗಡಿಸಿದರು. ಎರಡು ವಲಯಗಳಿಗೆ ಅಯೋಡಿನ್ ಸೇರಿಸಿದ ಉಪ್ಪು, ನಡುವಿನದಕ್ಕೆ ಬರಿಯ ಉಪ್ಪು. ಆರಂಭದಲ್ಲಿ ನೂರಕ್ಕೆ ಸುಮಾರು 38 ಮಂದಿಗೆ ಗಳಗಂಡವಿತ್ತು. ಐದಾರು ವರ್ಷಗಳ ಮೇಲೆ ನೋಡಲಾಗಿ, ಅಯೋಡಿನ್ ಉಪ್ಪು ದೊರೆತ ವಲಯಗಳಲ್ಲಿ ಅದು ಅರ್ಧಕ್ಕೆ ಇಳಿದಿತ್ತು. ಬರಿಯ ಉಪ್ಪಿನವರಲ್ಲಿ ಇದ್ದಂತೆಯೇ ಇತ್ತು. 1962ರಲ್ಲಿ ಸರ್ಕಾರವು ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿತು. ಅಯೋಡಿನ್ ಕೊರತೆಯು ಕೊರಳಿಗಿಂತಲೂ ಮಿದುಳಿಗೆ ಹೆಚ್ಚು ಕೇಡು ಮಾಡುತ್ತದೆಂಬುದು ತಿಳಿದ ಮೇಲೆ, 1992ರಲ್ಲಿ ಆ ಕಾರ್ಯಕ್ರಮದ ಹೆಸರಿನಿಂದ ‘ಗಳಗಂಡ’ವನ್ನು ತೆಗೆದು ‘ಅಯೋಡಿನ್ ಕೊರತೆಯ ದೋಷಗಳು’ ಎಂದು ಬದಲಾಯಿಸಿದರು.

ಬೆಟ್ಟದ ಸೀಮೆಗೂ ಈ ಕೊರತೆಗೂ ನಂಟೇನು? ಅಯೋಡಿನ್ ಲವಣಗಳು ನೀರಿನಲ್ಲಿ ಸುಲಭವಾಗಿ ಕರಗುವಂಥವು. ಯುಗಯುಗಗಳಿಂದ ಮಳೆಯೂ ಹಿಮವೂ ಪ್ರವಾಹವೂ ಇಳಿಜಾರಿನ ಮಣ್ಣನ್ನು ತೊಳೆತೊಳೆದು ಅವುಗಳನ್ನು ಸಮುದ್ರಕ್ಕೆ ಸಾಗಿಸಿವೆ. ಆದುದರಿಂದಲೇ ಸಮುದ್ರದ ಮೀನಿನಲ್ಲಿ, ಕಡಲಪಾಚಿಯಲ್ಲಿ ಅದು ಹೇರಳ. ಮಣ್ಣಿನಲ್ಲಿ ಇಲ್ಲದ್ದು ಬೆಳೆಯಲ್ಲಿ ಬಾರದು. ಬೆಳೆಯಲ್ಲಿ ಬಾರದ್ದು ಹಸುವಿನ ಹಾಲಿನಲ್ಲಿಯೂ ಮಗುವಿನ ತಟ್ಟೆಯಲ್ಲಿಯೂ ಬಾರದು. ಇಲ್ಲಿ ಒಂದು ಮೋಸವಿದೆ. ಗಿಡಕ್ಕೆ ತನ್ನ ಬೆಳವಣಿಗೆಗೆ ಅಯೋಡಿನ್ ಬೇಕಾಗಿಲ್ಲ. ಹಂಪಿಯ ಕಾಲುವೆಗಳ ಕೆಳಗಿನ ಬಾಳೆಯ ತೋಟಗಳಾಗಲಿ, ಕಂಪ್ಲಿಯ ಭತ್ತದ ಗದ್ದೆಗಳಾಗಲಿ ಎಷ್ಟೇ ಹಸುರಾಗಿ ಕಂಗೊಳಿಸಿದರೂ ಆ ಹಸುರು ಅಯೋಡಿನ್ ಇದೆಯೆಂಬುದಕ್ಕೆ ಸಾಕ್ಷಿಯಾಗದು. ನಮ್ಮ ತುಂಗಭದ್ರೆಯೂ ಮಲೆನಾಡಿನ ಬೆಟ್ಟಗಳನ್ನು ತೊಳೆದುಕೊಂಡು ಬರುವ ನದಿಯೇ. ನೆರೆ ಬಂದು ಮಣ್ಣು ಕೊಚ್ಚಿಹೋಗುವ ಬಯಲಿನಲ್ಲಿಯೂ ಬೆಟ್ಟದಲ್ಲಿರುವಂತೆಯೇ ಕೊರತೆಯುಂಟಾಗಬಲ್ಲದು. ಕರ್ನಾಟಕದಲ್ಲಿ ಚಿಕ್ಕಮಗಳೂರು, ಕೊಡಗು ಮೊದಲಾದ ಮಲೆನಾಡಿನ ಸೀಮೆಗಳು ಗಳಗಂಡಕ್ಕೆ ಹೆಸರಾದವು. ಸಮುದ್ರವೇ ಬಾಗಿಲಲ್ಲಿರುವ ಕರಾವಳಿಯ ಶಾಲಾಮಕ್ಕಳಲ್ಲಿಯೂ ಅದು ಕಂಡುಬಂದಿದೆ. ಇದು ಬೆಟ್ಟದವರ ರೋಗ, ನಮ್ಮದಲ್ಲ ಎಂದು ಬಯಲುಸೀಮೆಯ ಯಾರೂ ನಿಶ್ಚಿಂತರಾಗಿರಬೇಕಾಗಿಲ್ಲ.

ನಮ್ಮ ಸೀಮೆಯ ಮತ್ತೊಂದು ದೋಷವನ್ನು ಇದರೊಡನೆ ಬೆರೆಸಬಾರದೆಂದು ಇಲ್ಲಿಯೇ ಹೇಳಿಬಿಡುತ್ತೇವೆ. ಬಳ್ಳಾರಿ, ಕೊಪ್ಪಳಗಳ ಅನೇಕ ಹಳ್ಳಿಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚಾಗಿದ್ದು, ಮಕ್ಕಳ ಹಲ್ಲಿನ ಮೇಲೆ ಕಂದುಬಣ್ಣದ ಕಲೆ ಕೂಡುತ್ತದೆ. ಅದು ಹೆಚ್ಚಾದುದರ ಫಲ. ಇದು ಕಡಮೆಯಾದುದರ ಫಲ. ಹಲ್ಲಿನ ಕಲೆಯು ಮಗು ನಕ್ಕಾಗ ಎಲ್ಲರಿಗೂ ಕಾಣುತ್ತದೆ. ಅಯೋಡಿನ್ ಕೊರತೆಯು ಮೊದಲು ಹುಡುಗಿಯ ಅಂಕಪಟ್ಟಿಯಲ್ಲಿ ಕಾಣುತ್ತದೆ. ಅಲ್ಲಿ ಅದನ್ನು ಓದಬಲ್ಲವರು ಕಡಮೆ.

ಈ ಸೀಮೆಗೆ ಉಪ್ಪು ಬರುತ್ತಿದ್ದ ದಾರಿಯು ಕುತೂಹಲಕರವಾದುದು. ಹಿಂದಿನ ಕಾಲದಲ್ಲಿ ಬಳ್ಳಾರಿಯ ಸುತ್ತಿನಲ್ಲಿ ಉಪ್ಪಾರರು ಚವುಳುಮಣ್ಣನ್ನು ನೀರಿನಲ್ಲಿ ಕಲಸಿ ಬಸಿದು, ಆ ನೀರನ್ನು ಬಿಸಿಲಿಗಿಟ್ಟು ಉಪ್ಪು ತೆಗೆಯುತ್ತಿದ್ದರು; ಬ್ರಿಟಿಷರ ಉಪ್ಪಿನ ಸುಂಕದ ಕಾಲದಲ್ಲಿ ಆ ಕಸುಬು ಅಡಗಿಹೋಯಿತು. ಸಮುದ್ರದ ಉಪ್ಪನ್ನು ಎತ್ತುಗಳ ಬೆನ್ನಿನ ಮೇಲೆ ಹೇರಿಕೊಂಡು ಘಟ್ಟ ಹತ್ತಿ ಬರುತ್ತಿದ್ದವರು ಲಂಬಾಣಿಗರು. ‘ಲವಣ’ ಎಂಬ ಮಾತಿನಿಂದಲೇ ಅವರಿಗೆ ಆ ಹೆಸರು ಬಂದಿತೆಂದು ಹೇಳುವವರೂ ಉಂಟು. ಸಂಡೂರಿನ ಸುತ್ತಿನ ತಾಂಡಾಗಳ ಕಸೂತಿಯನ್ನು ಇಂದು ದೂರದೇಶದವರೂ ಕೊಂಡಾಡುತ್ತಾರೆ. ಆ ಹೆಂಗಸರ ಹಿರಿಯರು ಊರೂರಿಗೆ ಉಪ್ಪು ಹೊತ್ತು ತಂದವರೆಂಬುದು ಎಷ್ಟು ಮಂದಿಗೆ ನೆನಪಿದೆ? ಇಂದು ತಾಂಡಾದ ಮನೆಗಳಲ್ಲಿಯೂ ಹಳ್ಳಿಯ ಮನೆಗಳಲ್ಲಿಯೂ ಉಪ್ಪು ಸಂತೆಯಿಂದ ಬರುತ್ತದೆ. ಚೀಲದ ಬಾಯಿ ಬಿಚ್ಚಿ ರಾಶಿ ಹಾಕಿದ ಕಲ್ಲುಪ್ಪಿನಿಂದ ಅಳೆದುಕೊಂಡರೆ ಒಂದು ವರ್ಷಕ್ಕಾಗುವಷ್ಟು ಒಂದೇ ಸಾರಿ ಕೊಳ್ಳಬಹುದು, ಬೆಲೆಯೂ ಅಗ್ಗ.

ಕಾಯಿದೆಯು ಇದನ್ನು ಒಪ್ಪುವುದಿಲ್ಲ. ಮನುಷ್ಯರು ತಿನ್ನುವುದಕ್ಕಾಗಿ ಅಯೋಡಿನ್ ಇಲ್ಲದ ಉಪ್ಪನ್ನು ಮಾರುವುದು 2006ನೆಯ ಮೇ 17ರಿಂದ ದೇಶದಲ್ಲೆಲ್ಲ ನಿಷಿದ್ಧ. 2011ರ ಆಹಾರ ಸುರಕ್ಷತೆಯ ನಿಯಮಗಳಲ್ಲಿಯೂ ಹಾಗೆಯೇ ಇದೆ. ತಯಾರಾಗುವ ಸ್ಥಳದಲ್ಲಿ ಒಂದು ಕಿಲೊ ಉಪ್ಪಿಗೆ 30 ಮಿಲಿಗ್ರಾಮು, ಮನೆಗೆ ಸೇರುವಾಗ ಕಡಮೆಯೆಂದರೆ 15 ಮಿಲಿಗ್ರಾಮು ಅಯೋಡಿನ್ ಇರಬೇಕೆಂಬುದು ನಮ್ಮ ದೇಶವು ಹಿಡಿದ ಅಳತೆ. ದಿನಕ್ಕೆ 10 ಗ್ರಾಮು ಉಪ್ಪು ತಿಂದರೆ 150 ಮೈಕ್ರೊಗ್ರಾಮು ದೊರೆಯುವ ಲೆಕ್ಕ. ಆದರೆ ಚರ್ಮ ಹದಮಾಡುವುದಕ್ಕೂ ದನಗಳಿಗೂ ಎಂದು ಬಂದ ಉಪ್ಪು ಸಂತೆಯಲ್ಲಿ ಯಾರ ಚೀಲಕ್ಕೆ ಬೀಳುತ್ತದೆಂಬುದನ್ನು ಕಾಯಿದೆಯು ಪ್ರತಿಯೊಂದು ಸಂತೆಗೂ ಹೋಗಿ ನೋಡಲಾರದು. 2018-19ರಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಬೇಕಾದಷ್ಟು ಅಯೋಡಿನ್ ಇದ್ದ ಉಪ್ಪು ಸುಮಾರು ಮುಕ್ಕಾಲು ಪಾಲು ಮನೆಗಳಲ್ಲಿ ಮಾತ್ರ ಕಂಡಿತು. ಉಳಿದ ಕಾಲು ಪಾಲು ಮನೆಗಳ ಮಕ್ಕಳೂ ಶಾಲೆಗೆ ಬರುವವರೇ.

ವೈದ್ಯರ ಬಳಿಯಿಂದ ಹಿಂದಿರುಗಿದ ದಿನವೇ ನಾವು ಬೋರ್ಡಿಂಗಿನ ಅಡುಗೆಮನೆಗೆ ಹೋದೆವು. ಒಲೆಯ ಮಗ್ಗುಲಲ್ಲಿ ಬಾಯಿ ತೆರೆದ ಗಡಿಗೆ, ಅದರಲ್ಲಿ ಕಲ್ಲುಪ್ಪು, ಒಲೆಯ ಕಾವಿಗೂ ಸಾರಿನ ಹಬೆಗೂ ಅದು ಬೆವರಿ ಒದ್ದೆಯಾಗಿತ್ತು. ಇಪ್ಪತ್ತು ವರ್ಷಗಳಿಂದ ನಮ್ಮ ಮಕ್ಕಳಿಗೆ ಅನ್ನವಿಕ್ಕಿದ ಅಡುಗೆಯ ಅವ್ವನವರು ಒಂದು ಹಿಡಿ ಉಪ್ಪನ್ನು ಬಟ್ಟಲಿಗೆ ಹಾಕಿ, ಎರಡು ಸಾರಿ ನೀರು ಹೊಯ್ದು ತೊಳೆದು, ಆಮೇಲೆ ಸಾರಿಗೆ ಹಾಕಿದರು. ಇದೇಕೆಂದು ಕೇಳಿದೆವು. “ಅಮ್ಮಾರೇ, ತೊಳೀದೆ ಹಾಕಿದ್ರೆ ಸಾರಿನಾಗ ಮಣ್ಣು ಬರ್ತೈತಿ. ನನ್ನ ಮಕ್ಳಿಗೆ ಮಣ್ಣು ಹಾಕ್ಲೇನು?” ಎಂದರು. ಅವರ ಪ್ರೀತಿಯಲ್ಲಿ ಏನೂ ಕೊರತೆಯಿರಲಿಲ್ಲ. ಉಪ್ಪಿನಲ್ಲಿ ಏನಾದರೂ ಅಯೋಡಿನ್ ಇದ್ದಿದ್ದರೆ ಅದು ಹರಳಿನ ಮೇಲ್ಮೈಗೆ ಅಂಟಿಕೊಂಡಿರುವುದರಿಂದ ಆ ತೊಳೆದ ನೀರಿನೊಡನೆಯೇ ಬಚ್ಚಲಿಗೆ ಹೋಗುತ್ತಿತ್ತು.

ಊರಿನ ಆಶಾ ಕಾರ್ಯಕರ್ತೆಯವರು ಉಪ್ಪು ಪರೀಕ್ಷಿಸುವ ಒಂದು ಚಿಕ್ಕ ಪೆಟ್ಟಿಗೆಯನ್ನು ನಮಗೆ ತಂದುಕೊಟ್ಟರು. ಅದರಲ್ಲಿ ಗಂಜಿಯಂಥ ದ್ರವದ ಪುಟ್ಟ ಬುಡ್ಡಿ. ಒಂದು ಚಮಚ ಉಪ್ಪಿನ ಮೇಲೆ ಒಂದೆರಡು ತೊಟ್ಟು ಬಿಟ್ಟರೆ, ಅಯೋಡಿನ್ ಇದ್ದಲ್ಲಿ ಉಪ್ಪು ನೀಲಿ-ನೇರಿಳೆಗೆ ತಿರುಗುತ್ತದೆ. ಬಣ್ಣದ ಪಟ್ಟಿಯೊಡನೆ ಹೋಲಿಸಿ ನೋಡಿದರೆ ಸುಮಾರು ಎಷ್ಟಿದೆಯೆಂಬುದೂ ತಿಳಿಯುತ್ತದೆ. ಉಪ್ಪಿಗೆ ಸೇರಿಸುವುದು ಪೊಟ್ಯಾಸಿಯಮ್ ಅಯೊಡೇಟ್ ಎಂಬ ಲವಣ. ಬುಡ್ಡಿಯೊಳಗಿನ ಆಮ್ಲವೂ ಅಯೊಡೈಡೂ ಅದರಿಂದ ಅಯೋಡಿನನ್ನು ಬಿಡಿಸುತ್ತವೆ. ಬಿಡುಗಡೆಯಾದ ಅಯೋಡಿನ್ ಗಂಜಿಯನ್ನು ಕೂಡಿ ನೀಲಿಯಾಗುತ್ತದೆ. ಕೆಲವು ಉಪ್ಪುಗಳಲ್ಲಿ ಕ್ಷಾರವಿದ್ದು ಬಣ್ಣ ಏಳದಿರಬಹುದು. ಆಗ ಎರಡನೆಯ ಬುಡ್ಡಿಯ ಒಂದು ತೊಟ್ಟನ್ನು ಹಾಕಿ ಮತ್ತೆ ನೋಡಬೇಕು. ಹುಡುಗಿಯರಿಗೆ, ರಜೆಯಿಂದ ಬರುವಾಗ ಮನೆಯಿಂದ ಒಂದು ಚಮಚ ಉಪ್ಪನ್ನು ಪೊಟ್ಟಣ ಕಟ್ಟಿ ತನ್ನಿರೆಂದು ಹೇಳಿದೆವು. ವಿಜ್ಞಾನದ ಕೊಠಡಿಯ ಮೇಜಿನ ಮೇಲೆ ಸಾಲಾಗಿ ಇಟ್ಟು ತೊಟ್ಟು ಬಿಡುತ್ತಾ ಹೋದೆವು. ಕೆಲವು ಮಳೆಗಾಲದ ಮೋಡದಂತೆ ಕಪ್ಪೇರಿದವು, ಕೆಲವು ತೆಳುವಾಗಿ ನೀಲಿಯಾದವು, ಕೆಲವು ಬೆಳ್ಳಗೆಯೇ ಉಳಿದವು. ನಮ್ಮ ಬೋರ್ಡಿಂಗಿನ ಗಡಿಗೆಯ ಉಪ್ಪೂ ಬೆಳ್ಳಗೆಯೇ ಉಳಿಯಿತು. ಯಾವ ಮನೆಯದು ಹೇಗಾಯಿತೆಂಬುದನ್ನು ನಾವು ಯಾರ ಎದುರಿಗೂ ಓದಿ ಹೇಳಲಿಲ್ಲ. ಬಡತನವನ್ನು ಬಯಲಿಗೆ ಎಳೆಯುವುದು ಶಾಲೆಯ ಕೆಲಸವಲ್ಲ. ನಮ್ಮ ಗಡಿಗೆಯದನ್ನು ಮಾತ್ರ ಎಲ್ಲರಿಗೂ ತೋರಿಸಿದೆವು.

ಅಂದಿನಿಂದ ಬೋರ್ಡಿಂಗಿಗೆ ಅಯೋಡಿನ್ ಉಪ್ಪಿನ ಪೊಟ್ಟಣಗಳೇ ಬರುತ್ತವೆ. ನಗುವ ಸೂರ್ಯನ ಗುರುತು ಇದೆಯೇ, ತಯಾರಾದ ತಿಂಗಳು ಯಾವುದು ಎಂದು ನೋಡಿಕೊಳ್ಳುವ ಕೆಲಸವನ್ನು ಸರದಿಯ ಮೇಲೆ ಹುಡುಗಿಯರಿಗೇ ವಹಿಸಿದ್ದೇವೆ. ಬಾಯಿ ತೆರೆದ ಗಡಿಗೆ ಹೋಗಿ, ಮುಚ್ಚಳವುಳ್ಳ ಪಿಂಗಾಣಿಯ ಭರಣಿ ಬಂದಿದೆ. ಅದು ಒಲೆಯಿಂದ ದೂರದ ಗೂಡಿನಲ್ಲಿರುತ್ತದೆ. ಬಿಸಿಲು, ತೇವ, ಕಾವು ಇವು ಮೂರೂ ಅಯೋಡಿನಿಗೆ ಶತ್ರುಗಳು. ಕುದಿಯುವಾಗಲೂ ಸ್ವಲ್ಪ ನಷ್ಟವಾಗುವುದರಿಂದ ಉಪ್ಪನ್ನು ಅಡುಗೆಯ ಕೊನೆಯಲ್ಲಿ ಹಾಕುವುದು ಲೇಸು. ಅಡುಗೆಯ ಅವ್ವನವರು ಮೊದಮೊದಲು ಪುಡಿ ಉಪ್ಪು ಕೈಗೆ ಅಳತೆಗೆ ಸಿಕ್ಕುವುದಿಲ್ಲವೆಂದು ಗೊಣಗಿದರು. ಒಂದು ವಾರ ಸಾರು ಉಪ್ಪುಪ್ಪಾಗಿಯೇ ಇತ್ತು. ಆಮೇಲೆ ಕೈ ಹದಕ್ಕೆ ಬಂದಿತು.

ತಾಯಂದಿರು ನಮ್ಮನ್ನು ಕೇಳುವ ಪ್ರಶ್ನೆಗಳು ಕೆಲವುಂಟು. ಪುಡಿ ಉಪ್ಪಿನಿಂದ ಉಪ್ಪಿನಕಾಯಿ ಕೆಡುತ್ತದೆಂಬ ನಂಬಿಕೆ ಬಲವಾಗಿದೆ. ಅಯೊಡೇಟಿನಿಂದ ಬಣ್ಣವೂ ರುಚಿಯೂ ಕೆಡುವುದಿಲ್ಲವೆಂದು ಪರೀಕ್ಷೆಗಳು ತೋರಿಸಿವೆ. ಆದರೂ ಮನಸ್ಸೊಪ್ಪದವರು ವರ್ಷದ ಉಪ್ಪಿನಕಾಯಿಗೆ ಕಲ್ಲುಪ್ಪನ್ನೇ ಹಾಕಿಕೊಳ್ಳಲಿ, ದಿನದ ಸಾರಿಗೆ ಬೇಡ. ಇತ್ತೀಚೆಗೆ ಪಟ್ಟಣದ ಓದಿದ ಮನೆಗಳಲ್ಲಿ ಸೈಂಧವ ಲವಣವು ಶ್ರೇಷ್ಠವೆಂದು ಹೆಚ್ಚು ಬೆಲೆ ಕೊಟ್ಟು ತರಿಸುತ್ತಾರೆ. ನೆಲದಿಂದ ಅಗೆದು ತೆಗೆದ ಆ ಗುಲಾಬಿ ಉಪ್ಪಿನಲ್ಲಿ ಅಯೋಡಿನ್ ಬಹಳ ಅಲ್ಪ. ಹೀಗೆ, ಅಗ್ಗಕ್ಕಾಗಿ ಸಂತೆಯ ಉಪ್ಪು ತಿನ್ನುವ ಬಡವರ ಮಗುವೂ ನಾಜೂಕಿಗಾಗಿ ಗುಲಾಬಿ ಉಪ್ಪು ತಿನ್ನುವ ಸ್ಥಿತಿವಂತರ ಮಗುವೂ ಒಂದೇ ಕಷ್ಟಕ್ಕೆ ಒಳಗಾಗುವುದು ಸಾಧ್ಯ. ರಕ್ತದ ಒತ್ತಡವುಳ್ಳವರು ಉಪ್ಪನ್ನು ಕಡಮೆ ಮಾಡಬೇಕಲ್ಲವೇ ಎಂದು ಒಬ್ಬ ತಂದೆಯವರು ಕೇಳಿದರು. ಖಂಡಿತವಾಗಿ ಮಾಡಬೇಕು, ದಿನಕ್ಕೆ 5 ಗ್ರಾಮಿಗಿಂತ ಕಡಮೆ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಮತ. ಕಡಮೆ ತಿನ್ನುವ ಆ ಉಪ್ಪು ಒಳ್ಳೆಯ ಉಪ್ಪಾಗಿರಬೇಕು, ಹಾಲು ಮೊಟ್ಟೆ ಸಮುದ್ರದ ಮೀನುಗಳೂ ಕೂಡಿದ್ದರೆ ಇನ್ನೂ ಒಳ್ಳೆಯದು. ಗಾಯಕ್ಕೆ ಹಚ್ಚುವ ಟಿಂಕ್ಚರ್ ಅಯೋಡಿನನ್ನು ನೀರಿಗೆ ಹಾಕಿ ಕುಡಿಸುವುದು ಮಾತ್ರ ಸರ್ವಥಾ ಕೂಡದು, ಅದು ವಿಷ. ಥೈರಾಯ್ಡಿಗಾಗಿ ಔಷಧ ತೆಗೆದುಕೊಳ್ಳುತ್ತಿರುವವರು ವೈದ್ಯರನ್ನು ಕೇಳದೆ ಯಾವುದನ್ನೂ ಬದಲಾಯಿಸಬಾರದು.

ಈಗ ನಮ್ಮ ಪೂರ್ವ ವಿದ್ಯಾರ್ಥಿನಿಯರಿಗಾಗಿಯೇ ಒಂದು ಮಾತು. ಅಯೋಡಿನ್ ಕೊರತೆಯ ಅತಿ ಕಠಿಣವಾದ ಪೆಟ್ಟು ಬೀಳುವುದು ಹುಟ್ಟುವ ಮುಂಚೆ. ಗರ್ಭದ ಮೊದಲ ಮೂರು ತಿಂಗಳಲ್ಲಿ ಶಿಶುವಿಗೆ ತನ್ನದೇ ಆದ ಥೈರಾಯ್ಡ್ ರಸವಿರುವುದಿಲ್ಲ. ತಾಯಿಯದನ್ನೇ ನಂಬಿ ಅದರ ಮಿದುಳು ರೂಪುಗೊಳ್ಳಬೇಕು. ತಾಯಿಯಲ್ಲಿ ಬಹಳ ಕೊರತೆಯಿದ್ದರೆ ಮಗು ಕಿವುಡಾಗಿ, ಮೂಕವಾಗಿ, ಕುಳ್ಳಾಗಿ, ಬುದ್ಧಿ ಬೆಳೆಯದೆ ಹುಟ್ಟಬಹುದು. ಆಮೇಲೆ ಎಷ್ಟು ಅಯೋಡಿನ್ ಕೊಟ್ಟರೂ ಆ ಕೇಡು ತಿರುಗದು. ತಪ್ಪಿಸಬಹುದಾದ ಬುದ್ಧಿಮಾಂದ್ಯಕ್ಕೆ ಜಗತ್ತಿನಲ್ಲಿ ಅತಿ ದೊಡ್ಡ ಕಾರಣಗಳಲ್ಲಿ ಇದೊಂದು. ಕೊರತೆಯು ಸ್ವಲ್ಪವೇ ಇದ್ದರೆ ಮಗು ನೋಡುವುದಕ್ಕೆ ಚೆನ್ನಾಗಿಯೇ ಇರುತ್ತದೆ, ಮಾತಾಡುತ್ತದೆ, ಆಡುತ್ತದೆ. ಲೆಕ್ಕ ಮಾತ್ರ ತಡವಾಗಿ ಹತ್ತುತ್ತದೆ. ತಾನು ಬಸುರಿಯೆಂದು ಹೆಣ್ಣಿಗೆ ತಿಳಿಯುವ ವೇಳೆಗೆ ಆ ಮೂರು ತಿಂಗಳಲ್ಲಿ ಅರ್ಧ ಕಳೆದಿರುತ್ತದೆ. ಆದುದರಿಂದ ಉಪ್ಪನ್ನು ಬದಲಾಯಿಸಬೇಕಾದ ಕಾಲವು ಮದುವೆಯ ಆಮೇಲಿನದಲ್ಲ, ಶಾಲೆಯಲ್ಲಿರುವಾಗಿನದು. ನಿಮ್ಮಲ್ಲಿ ಅನೇಕರು ಸೊಸೆಯಾಗಿ ಹೋದ ಮನೆಗಳಲ್ಲಿ ಅತ್ತೆಯವರ ಉಪ್ಪಿನ ಗಡಿಗೆಯನ್ನು ಮುಟ್ಟುವುದು ಸುಲಭವಲ್ಲವೆಂದು ನಾವು ಬಲ್ಲೆವು. ಜಗಳವಾಡಬೇಕಾಗಿಲ್ಲ, ಅತ್ತೆಯವರ ಎದುರಿಗೇ ಆ ತೊಟ್ಟನ್ನು ಬಿಟ್ಟು ಬಣ್ಣವನ್ನು ತೋರಿಸಿರಿ.

ಶಾಲೆಯ ವಯಸ್ಸಿಗೆ ಬಂದ ಮಕ್ಕಳಿಗಾದರೋ ಕಾಲ ಮೀರಿಲ್ಲ. ಆಲ್ಬೇನಿಯ ದೇಶದ ಹಳ್ಳಿಗಳಲ್ಲಿ 10ರಿಂದ 12 ವರ್ಷದ, ಕೊರತೆಯಿದ್ದ ಮಕ್ಕಳಿಗೆ ಅಯೋಡಿನ್ ಕೊಟ್ಟು ನೋಡಲಾಗಿ, ಆರು ತಿಂಗಳೊಳಗೆ ಅವರು ಗ್ರಹಿಕೆಯ ಪರೀಕ್ಷೆಗಳಲ್ಲಿ ಉಳಿದವರಿಗಿಂತ ಮುಂದಾದರೆಂದು 2006ರಲ್ಲಿ ಪ್ರಕಟವಾಯಿತು. ನಮ್ಮ ಹುಡುಗಿಗೂ ವೈದ್ಯರು ಮಾತ್ರೆ ಕೊಟ್ಟರು, ಉಪ್ಪು ಬದಲಾಯಿತು. ಒಂದೆರಡು ತಿಂಗಳಲ್ಲಿ ಶಾಲು ಬಿಟ್ಟಳು. ಮುಂದಿನ ಮಳೆಗಾಲದ ಹೊತ್ತಿಗೆ ಹಾಡುವವರ ಸಾಲಿನಲ್ಲಿ ಮತ್ತೆ ನಿಂತಳು. ಕೊರಳಿನ ಉಬ್ಬು ಪೂರ್ತಿ ಹೋಗದಿದ್ದರೂ ತಗ್ಗಿತು. ಹತ್ತನೆಯ ತರಗತಿಯಲ್ಲಿ ದ್ವಿತೀಯ ದರ್ಜೆಯಲ್ಲಿ ಉತ್ತೀರ್ಣಳಾದಳು. ಪ್ರಥಮ ದರ್ಜೆಯೆಂದು ಬರೆಯಲು ನಮಗೂ ಆಸೆಯೇ, ಆದರೆ ಕಳೆದ ಎರಡು ವರ್ಷಗಳ ಪಾಠವನ್ನು ಯಾವ ಮಾತ್ರೆಯೂ ಹಿಂದಕ್ಕೆ ತಂದುಕೊಡದು. ‘ಸೋಮಾರಿ’ ಎಂದು ನಾವು ಬರೆದ ಅಂಕಪಟ್ಟಿಯ ಶಾಲಾಪ್ರತಿಯು ಕಚೇರಿಯ ಬೀರುವಿನಲ್ಲಿದೆ. ಅದನ್ನು ಹರಿದುಹಾಕೋಣವೆಂದು ಗುಮಾಸ್ತರು ಹೇಳಿದರು, ಬೇಡವೆಂದೆವು. ಹೊಸದಾಗಿ ಸೇರುವ ಅಧ್ಯಾಪಿಕೆಯರಿಗೆ ಅದನ್ನು ತೋರಿಸುತ್ತೇವೆ.

ಬರುವ ವಾರ್ಷಿಕೋತ್ಸವದ ದಿನ ಬೆಳಿಗ್ಗೆ 10ರಿಂದ ಮಧ್ಯಾಹ್ನದ ಊಟದವರೆಗೆ ವಿಜ್ಞಾನದ ಕೊಠಡಿಯು ತೆರೆದಿರುತ್ತದೆ. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಎಲ್ಲಿಂದ ಬರುವವರಾದರೂ ಮನೆಯ ಉಪ್ಪನ್ನು ಒಂದು ಚಮಚದಷ್ಟು ಒಣಕಾಗದದಲ್ಲಿ ಪೊಟ್ಟಣ ಕಟ್ಟಿ ತನ್ನಿರಿ. ಪೊಟ್ಟಣದ ಮೇಲೆ ಹೆಸರು ಬರೆಯಬೇಕಾಗಿಲ್ಲ. ಒಂಬತ್ತನೆಯ ತರಗತಿಯ ಹುಡುಗಿಯರು ಪರೀಕ್ಷಿಸಿ ಅಲ್ಲಿಯೇ ತಿಳಿಸುವರು.